ಪದರದ ಗಾದಿಯನ್ನು ಮನೆಯಲ್ಲಿಯೇ ಕಟ್ಟುವುದು

ಮಹಾನವಮಿ ಇನ್ನೂ ಎಂಟು ಹತ್ತು ದಿನ ದೂರವಿರುವಾಗಲೇ ಚಿಕ್ಕೋಡಿ ಸೀಮೆಯ ಊರುಗಳಲ್ಲಿ ಹಾಸಿಗೆ ಒಗೆಯುವ ಕಾರ್ಯವು ಆರಂಭವಾಗುತ್ತದೆ. ಯಡೂರು, ಕುಡಚಿ, ಉಗಾರಗಳ ಕಡೆಯವರು ಕೃಷ್ಣೆಗೆ, ಸದಲಗೆಯ ಕಡೆಯವರು ದೂಧಗಂಗೆಗೆ, ನಿಪ್ಪಾಣಿಯ ಸುತ್ತಿನ ಹಳ್ಳಿಗರು ವೇದಗಂಗೆಗೆ, ಹೊಳೆ ದೂರವಿರುವ ಅಥಣಿಯ ಮೂಡಲ ಭಾಗದವರು ಹಳ್ಳಕ್ಕೋ ಬಾವಿಗೋ ಕಾಲುವೆಗೋ, ವರ್ಷವೆಲ್ಲ ಬೆವರು ಧೂಳುಗಳನ್ನುಂಡ ಕೌದಿ, ಜಮಖಾನೆ, ಚಾದರಗಳನ್ನು ಗಂಟು ಕಟ್ಟಿಕೊಂಡು ಹೋಗಿ, ಕಲ್ಲಿನ ಮೇಲೆ ಬಡಿದು, ದಂಡೆಯ ಮೇಲೆ ಹಾಸಿ ಒಣಗಿಸಿ ತರುವರು. ನೀರಿಗೆ ಹಾಕಲಾಗದ ಹತ್ತಿಯ ಗಾದಿಯನ್ನು ಮಾತ್ರ ಮಾಳಿಗೆಗೆ ಹೊತ್ತೊಯ್ದು, ಬಿಸಿಲಿಗೆ ಒಡ್ಡಿ, ಕೋಲಿನಿಂದ ಬಡಿದು, ಮಗ್ಗುಲು ಬದಲಿಸಿ, ಸಂಜೆ ತಂಪಾಗುವ ಮೊದಲೇ ಕೆಳಗಿಳಿಸುವರು. ಇಡೀ ವರ್ಷ ಒಂದೇ ವಸ್ತುವೆಂಬಂತೆ ಕಾಣುತ್ತಿದ್ದ ಹಾಸಿಗೆಯು ಆ ದಿನ ಬಿಡಿಬಿಡಿಯಾಗಿ, ಇದರ ಕೆಳಗೆ ಇದು, ಇದರ ಮೇಲೆ ಅದು ಎಂಬ ತನ್ನ ರಚನೆಯನ್ನು ಬಯಲಿಗಿಟ್ಟು ತೋರಿಸುತ್ತದೆ.

ಈಚೆಗೆ ಪಟ್ಟಣಗಳ ಅಂಗಡಿಗಳಲ್ಲಿ ಲ್ಯಾಟೆಕ್ಸ್ ಎಂಬ ಹೆಸರಿನಿಂದ ವಿಕ್ರಯವಾಗುತ್ತಿರುವ, ರಬ್ಬರಿನ ಹಾಲಿನಿಂದ ಸಿದ್ಧವಾದ ನೊರೆಗಾದಿಯನ್ನು ಕುರಿತು ನಿಪ್ಪಾಣಿ, ಚಿಕ್ಕೋಡಿ, ಅಥಣಿಗಳ ಮಧ್ಯಮ ವರ್ಗದ ಮನೆಗಳಲ್ಲಿ ವಿಚಾರಣೆ ನಡೆಯುವುದುಂಟು. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು ಅಂಥದೊಂದನ್ನು ಕೊಂಡು, ಬೆನ್ನುನೋವಿನ ತಾಯಿತಂದೆಗಳಿಗೂ ಕಳುಹಿಸಬೇಕೆಂದು ಯೋಚಿಸಿ, ಅದರ ಬೆಲೆಯನ್ನು ಕೇಳಿ ಹಿಂಜರಿಯುವರು. ಇಂಥವರಿಗೆ ಸಹಾಯಕವಾಗುವ ಒಂದು ಮಾರ್ಗವು ಅನ್ಯದೇಶಗಳಲ್ಲಿ ಬಹಳ ದಿನಗಳಿಂದ ರೂಢಿಯಲ್ಲಿದೆ: ಪೂರ್ಣವಾಗಿ ಹೊಲಿದು ಮುಚ್ಚಿದ ಗಾದಿಯನ್ನು ಕೊಳ್ಳುವ ಬದಲು, ಗಟ್ಟಿ, ಮಧ್ಯಮ, ಮೃದು ಎಂಬ ಬೇರೆ ಬೇರೆ ಹದದ ಲ್ಯಾಟೆಕ್ಸ್ ಹಾಳೆಗಳನ್ನು ಪ್ರತ್ಯೇಕವಾಗಿ ತಂದು, ಮನೆಯಲ್ಲಿಯೇ ಒಂದರ ಮೇಲೊಂದಿಟ್ಟು, ಜಿಪ್ಪು ಇರುವ ಗಟ್ಟಿ ಖೋಳಿನೊಳಗೆ ಸೇರಿಸಿ, ತಮ್ಮ ದೇಹಕ್ಕೆ ತಕ್ಕ ಗಾದಿಯನ್ನು ತಾವೇ ಕಟ್ಟಿಕೊಳ್ಳುವುದು. ಇದನ್ನು ಹೊಸ ವಿದ್ಯೆಯೆಂದು ನಮ್ಮ ಸೀಮೆಯ ಜನರು ಭಾವಿಸಬೇಕಾಗಿಲ್ಲ. ಪದರಗಳನ್ನು ಕೂಡಿಸಿ ಶಯ್ಯೆಯನ್ನು ರಚಿಸುವುದು, ಕೆಟ್ಟ ಪದರವನ್ನು ಬಿಚ್ಚಿ ಸರಿಪಡಿಸುವುದು, ಉಳಿದುದನ್ನು ಹಾಗೆಯೇ ಬಳಸುವುದು, ಇವೆಲ್ಲ ಇಲ್ಲಿಯ ಗೃಹಿಣಿಯರಿಗೂ ಹತ್ತಿ ಹಿಂಜುವ ಪಿಂಜಾರರಿಗೂ ತಲೆಮಾರುಗಳಿಂದ ಗೊತ್ತಿರುವ ವಿಷಯ. ಬಿಚ್ಚಲು ಬಾರದ ಹಾಸಿಗೆಯು, ಅದರ ಬೆಲೆ ಎಷ್ಟೇ ಇರಲಿ, ಅರ್ಧ ಹಾಸಿಗೆಯೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಇಲ್ಲಿಯ ಹಳೆಯ ಮನೆಯೊಂದರಲ್ಲಿ ರಾತ್ರಿ ಹಾಸಿಗೆ ಬಿಡಿಸುವ ಕ್ರಮವನ್ನು ಗಮನಿಸಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ಮೊದಲು ನೆಲಕ್ಕೆ ಚಾಪೆಯೋ ಜಮಖಾನೆಯೋ ಬೀಳುತ್ತದೆ. ನೆಲದ ಥಂಡಿಯನ್ನೂ ಧೂಳನ್ನೂ ತಡೆಯುವುದು ಅದರ ಕೆಲಸ. ಮಳೆಗಾಲದಲ್ಲಿ ಅದರ ಮೇಲೆ ಕುರಿಯ ಉಣ್ಣೆಯ ಕರಿಯ ಕಂಬಳಿ ಬರುತ್ತದೆ. ಉಣ್ಣೆಯು ಗಾಳಿಯ ತೇವವನ್ನು ತನ್ನ ಎಳೆಗಳೊಳಗೆ ಹೀರಿಕೊಂಡೂ ಮುಟ್ಟಿದವರಿಗೆ ಒದ್ದೆಯೆನಿಸದ ಗುಣವುಳ್ಳದ್ದಾದ್ದರಿಂದ ನೆಲಕ್ಕೂ ಹತ್ತಿಗೂ ನಡುವೆ ಅದಕ್ಕಿಂತ ಒಳ್ಳೆಯ ಪದರ ಬೇರೊಂದಿಲ್ಲ. ಅದರ ಮೇಲೆ ದೇಹದ ಭಾರವನ್ನು ಹೊರುವ ಗಾದಿ. ಗಾದಿಯ ಮೇಲೆ ಮೈಗೆ ತಾಗುವ, ಬೆವರನ್ನು ಹೀರುವ, ಹೊಳೆಗೆ ಒಯ್ದು ಒಗೆಯಬಹುದಾದ ಕೌದಿ. ನಾಲ್ಕು ಪದರ, ನಾಲ್ಕು ಕೆಲಸ. ಬೇಸಗೆಯಲ್ಲಿ ಕಂಬಳಿ ಹೊರಬೀಳುತ್ತದೆ; ಅಥಣಿಯ ಏಪ್ರಿಲ್ ತಿಂಗಳ ಸೆಕೆಯಲ್ಲಿ ಗಾದಿಯನ್ನೂ ಸರಿಸಿ ಬರಿಯ ಕೌದಿಯ ಮೇಲೆ ಮಾಳಿಗೆಯಲ್ಲಿ ಮಲಗುವವರುಂಟು. ಋತುವಿಗೆ ತಕ್ಕಂತೆ ಪದರವನ್ನು ಕೂಡಿಸುವ, ಕಳೆಯುವ ಈ ಸ್ವಾತಂತ್ರ್ಯವನ್ನೇ ಇಂದಿನ ಕಾರ್ಖಾನೆಯ ಗಾದಿಯು ನಮ್ಮಿಂದ ಕಸಿದುಕೊಂಡದ್ದು.

ಏನೂ ಇಲ್ಲದವರ ಹಾಸಿಗೆಯಲ್ಲಿಯೂ ಇದೇ ತತ್ತ್ವ ಕಾಣುತ್ತದೆ. ಕಬ್ಬಿನ ಹಂಗಾಮಿನಲ್ಲಿ ಉಗಾರ, ಅಥಣಿ, ರಾಯಬಾಗಗಳ ಸುತ್ತಲಿನ ಹೊಲಗಳಿಗೆ ಬರುವ ಕಟಾವಿನ ಗ್ಯಾಂಗಿನವರು ತಮ್ಮ ಗುಡಿಸಲೊಳಗೆ ಕಬ್ಬಿನ ಒಣ ರವದಿಯನ್ನು ದಪ್ಪವಾಗಿ ಹರಡಿ, ಅದರ ಮೇಲೆ ತಾಡಪತ್ರಿ ಹಾಸಿ, ಕೌದಿಯನ್ನು ಬಿಡಿಸುವರು. ರವದಿಯು ಭಾರಕ್ಕೆ ತಗ್ಗಿ ಮತ್ತೆ ಮೇಲೇಳುತ್ತದೆ, ತನ್ನೊಳಗೆ ಗಾಳಿಯನ್ನು ಹಿಡಿದು ನೆಲದ ಚಳಿಯನ್ನು ತಡೆಯುತ್ತದೆ. ಜಜ್ಜಿ ಹುಡಿಯಾದಾಗ ಹೊಸದನ್ನು ಹರಡಿದರಾಯಿತು. ಕೆಳಗೆ ಒತ್ತಡವನ್ನು ತಾಳುವ ಪದರ, ನಡುವೆ ತೇವಕ್ಕೆ ತಡೆ, ಮೇಲೆ ಮೃದುವಾದ ಹೊದಿಕೆ ಎಂಬ ಈ ರಚನೆಯು ಒಳ್ಳೆಯ ಪದರಗಾದಿಯ ರಚನೆಯನ್ನೇ ಹೋಲುತ್ತದೆ.

ಗಾದಿಯನ್ನು ಮಾಡುವ ಪಿಂಜಾರರ, ಅಂದರೆ ನದಾಫರ, ಕಸುಬನ್ನು ಸಮೀಪದಿಂದ ನೋಡಿದವರು ಇಂದು ಕಡಮೆಯಾಗುತ್ತಿದ್ದಾರೆ. ಹಿಂದೆ ಅವರು ಆಳೆತ್ತರದ ಬಿಲ್ಲನ್ನು ಹೆಗಲಿಗೇರಿಸಿ ಓಣಿ ಓಣಿ ತಿರುಗುತ್ತಿದ್ದರು. ಆ ಬಿಲ್ಲಿಗೆ ಪ್ರಾಣಿಯ ಕರುಳಿನಿಂದ ಹೊಸೆದ ನಾರಿ. ಅದನ್ನು ಮೀಟಲು ಎರಡೂ ತುದಿ ದಪ್ಪಗಾಗಿ ನಡು ಸಣ್ಣಗಾಗಿರುವ ಮರದ ಹಿಡಿ. ಅಂಗಳದಲ್ಲಿ ಹಳೆಯ ಹತ್ತಿಯನ್ನು ಗುಡ್ಡೆಮಾಡಿ, ನಾರಿಯು ಅದರ ಅಂಚಿಗೆ ತಾಗುವಂತೆ ಬಿಲ್ಲನ್ನು ತೂಗುಹಾಕಿ ಮೀಟಿದಾಗ, ಗಂಟುಕಟ್ಟಿದ ಹತ್ತಿಯು ಕಂಪನಕ್ಕೆ ಸಿಕ್ಕಿ ಎಳೆ ಎಳೆಯಾಗಿ ಬಿಡಿಸಿಕೊಂಡು ಹಾರಿ ಆಚೆ ಬೀಳುತ್ತಿತ್ತು. ಕಸ, ಧೂಳು, ತುಂಡಾದ ಎಳೆಗಳು ಕೆಳಗೆ ಉಳಿಯುತ್ತಿದ್ದವು. ಈಗ ಪೇಟೆಯ ಅಂಗಡಿಯಲ್ಲಿ ವಿದ್ಯುತ್ತಿನಿಂದ ತಿರುಗುವ, ಹಲ್ಲುಗಳುಳ್ಳ ಉರುಳೆಯ ಯಂತ್ರವು ಅದೇ ಕೆಲಸವನ್ನು ಶೀಘ್ರವಾಗಿ ಮಾಡುತ್ತದೆ. ಯಂತ್ರವು ಎಳೆಗಳನ್ನು ಬಿಲ್ಲಿಗಿಂತ ಹೆಚ್ಚು ತುಂಡರಿಸುತ್ತದೆಂಬುದು ಹಳೆಯ ಕಸುಬುದಾರರ ದೂರು. ಅದು ನಿಜವೇ ಆದರೂ, ಧೂಳಿನಲ್ಲಿ ದಿನವಿಡೀ ಬಿಲ್ಲು ಮೀಟಿ ಶ್ವಾಸಕೋಶವನ್ನು ಕೆಡಿಸಿಕೊಂಡವರ ಕಷ್ಟವನ್ನು ನೆನೆದರೆ ಯಂತ್ರವನ್ನು ದೂಷಿಸಲು ಮನಸ್ಸಾಗದು.

ಹಿಂಜುವುದರಿಂದ ಆಗುವ ಪ್ರಯೋಜನವೇನು? ಗಾದಿಯ ಮೆತ್ತಗಿನ ಗುಣವು ಹತ್ತಿಯದಲ್ಲ, ಹತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡಿರುವ ಗಾಳಿಯದು. ವರ್ಷಗಟ್ಟಲೆ ದೇಹದ ಭಾರ ಮತ್ತು ಬೆವರಿನ ತೇವ ಸೇರಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಂಟಾಗುತ್ತವೆ, ಗಾಳಿ ಹೊರಹೋಗುತ್ತದೆ, ಗಾದಿ ಹಲಗೆಯಾಗುತ್ತದೆ. ಹಿಂಜಿದಾಗ ಅದೇ ಹತ್ತಿ ಮೊದಲಿನ ಗಾತ್ರಕ್ಕೆ ಉಬ್ಬಿ ಬರುತ್ತದೆ. ಪ್ರತಿ ಸಲವೂ ಸ್ವಲ್ಪ ನಷ್ಟವಾಗುವುದರಿಂದ ಒಂದೆರಡು ಕಿಲೋ ಹೊಸ ಹತ್ತಿಯನ್ನು ಬೆರೆಸಬೇಕಾಗುವುದು ಅಷ್ಟೆ. ನೂಲಿಗೆ ಉದ್ದ ಎಳೆಯ ಹತ್ತಿ ಶ್ರೇಷ್ಠವಾದರೆ ಗಾದಿಗೆ ಗಿಡ್ಡ ಎಳೆಯ, ಒರಟಾದ ದೇಶೀ ಹತ್ತಿಯೇ ಮೇಲು, ಏಕೆಂದರೆ ಒರಟು ಎಳೆಯು ಒತ್ತಡಕ್ಕೆ ಬೇಗ ಮಣಿಯದು. ಬೂರಲ ಹತ್ತಿಯು ಬಹಳ ನುಣುಪು, ಬಹಳ ಹಗುರ. ತಲೆದಿಂಬಿಗೆ ಅದು ಯೋಗ್ಯ, ಗಾದಿಗೆ ಅಲ್ಲ.

“ಕಾಕಾ, ಈ ಹತ್ತಿ ಇನ್ನ ಬರ್ತೈತೇನ್ರಿ?” ಎಂದು ಮನೆಯಾಕೆ ಪಿಂಜಾರನನ್ನು ಕೇಳುತ್ತಾಳೆ. ಆತನು ಗಾದಿಯ ಒಂದು ಮೂಲೆಯನ್ನು ಬಿಚ್ಚಿ, ಒಂದು ಹಿಡಿ ಹತ್ತಿಯನ್ನು ಹೊರತೆಗೆದು, ಎರಡು ಬೆರಳುಗಳ ನಡುವೆ ಎಳೆದು, ಮೂಸಿ ನೋಡಿ, “ಎರಡ ಸಲಾ ಹಿಂಜಾಕ ಬರ್ತೈತ್ರಿ ಅಕ್ಕಾರ, ಖೋಳ ಮಾತ್ರ ಹೊಸಾದ ಹಾಕ್ರಿ” ಎನ್ನುತ್ತಾನೆ. ಆ ಪರೀಕ್ಷೆಯಲ್ಲಿ ಅಡಗಿರುವ ಜ್ಞಾನವು ದೊಡ್ಡದು: ಎಳೆ ಎಳೆದಾಗ ಪುಡಿಯಾಗದೆ ಬಿಡಿಸಿಕೊಂಡರೆ ಜೀವವಿದೆ, ಹುಳಿವಾಸನೆ ಬಂದರೆ ಬೂಷ್ಟು ಹಿಡಿದಿದೆ, ಅದನ್ನು ತೆಗೆದು ಹಾಕಬೇಕು. ಖೋಳಿಗೆ ಒತ್ತು ನೆಯ್ಗೆಯ ಪಟ್ಟೆಪಟ್ಟೆಯ ಬಟ್ಟೆಯನ್ನೋ ದಪ್ಪ ಮಾಂಜರಪಾಟವನ್ನೋ ಬಳಸುವರು. ನೆಯ್ಗೆ ಸಡಿಲವಾದರೆ ಎಳೆಗಳು ಹೊರಕ್ಕೆ ತೂರಿ ಬರುತ್ತವೆ. ಮೂರಡಿ ಅಗಲ, ಆರೂವರೆ ಅಡಿ ಉದ್ದದ ಒಬ್ಬರ ಗಾದಿಗೆ ಸುಮಾರು ಎಂಟರಿಂದ ಹತ್ತು ಕಿಲೋ ಹತ್ತಿ ಬೇಕು. ಹತ್ತಿಯನ್ನು ತುರುಕಿದರೆ ಗಾದಿ ಆಗದು. ತೆಳುವಾದ ಪದರವನ್ನು ಮೂಲೆಯಿಂದ ಮೂಲೆಗೆ ಹರಡಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಸೊಂಟ ಬರುವ ನಡುಭಾಗಕ್ಕೆ ಒಂದು ಪದರ ಹೆಚ್ಚಾಗಿ ಹಾಕಿ, ಕೋಲಿನಿಂದ ಸಮವಾಗಿ ಬಡಿದು, ಕೊನೆಗೆ ದಬ್ಬಣ ಮತ್ತು ದಪ್ಪ ದಾರದಿಂದ ಗೇಣು ಗೇಣು ಅಂತರದಲ್ಲಿ ಮೇಲಿನಿಂದ ಕೆಳಕ್ಕೆ ಟಾಕಾ ಹಾಕಬೇಕು. ಟಾಕಾ ಬಿಗಿಯಾದರೆ ಗಾದಿ ಗುಳಿಗುಳಿಯಾಗುತ್ತದೆ. ಸಡಿಲವಾದರೆ ಹತ್ತಿ ಕಾಲಿನ ಕಡೆಗೆ ಸರಿಯುತ್ತದೆ. ಹದವನ್ನು ಕೈಯೇ ಕಲಿಯಬೇಕು.

ಕೌದಿಯದು ಹೆಂಗಸರ ಕೈಕೆಲಸ, ಬಿಡುವಿನ ಕೆಲಸ. ಹಳೆಯ ಸೀರೆ, ಧೋತರಗಳನ್ನು ನಾಲ್ಕಾರು ಪದರ ಹಾಸಿ, ಹರಿದ ಕಡೆಗೆ ತುಂಡು ಕೊಟ್ಟು, ಅಂಚಿನಿಂದ ಆರಂಭಿಸಿ ಒಳಮುಖವಾಗಿ ಸುತ್ತು ಸುತ್ತಾಗಿ ಸಣ್ಣ ಓಟದ ಹೊಲಿಗೆ ಹಾಕುತ್ತ ನಡುವಿಗೆ ಬಂದು ಮುಟ್ಟುವರು. ಗಡಿಯಾಚೆಯ ಕೊಲ್ಲಾಪುರದ ಮರಾಠಿ ಮನೆಗಳಲ್ಲಿ ಇದೇ ಹೊದಿಕೆಗೆ ವಾಕಳವೆನ್ನುವರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರ ಕವಂದಿಗಳು ಇದರ ಸೋದರ ರೂಪ. ಮೂಲೆಗಳಲ್ಲಿ ಮಡಚಿ ಹೊಲಿದ ತ್ರಿಕೋನದ ಹೂಗಳುಳ್ಳ ಆ ಕವಂದಿಗಳನ್ನು ಅಮೇರಿಕದ ಕಲಾ ಇತಿಹಾಸಜ್ಞ ಹೆನ್ರಿ ಡ್ರೂವಲ್ ಅಭ್ಯಸಿಸಿ ಬರೆದ ಬಳಿಕ ಅವು ಹೊರದೇಶದ ಪ್ರದರ್ಶನಗಳನ್ನೂ ಕಂಡವು. ನಮ್ಮ ಚಿಕ್ಕೋಡಿ ಸೀಮೆಯ ಕೌದಿಗೆ ಅಷ್ಟು ಖ್ಯಾತಿ ಬಂದಿಲ್ಲ, ಆದರೆ ಅದರ ಉಪಯುಕ್ತತೆ ಕಿಂಚಿತ್ತೂ ಕಡಮೆಯದಲ್ಲ.

ಇನ್ನು ಲ್ಯಾಟೆಕ್ಸಿನ ವಿಚಾರ. ರಬ್ಬರಿನ ಮರವು ದಕ್ಷಿಣ ಅಮೇರಿಕದ ಅಮೆಜಾನ್ ಕಾಡಿನದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತನು ಅದರ ಬೀಜಗಳನ್ನು ಬ್ರೆಜಿಲಿನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ ಮೇಲೆ, ಅಲ್ಲಿಯ ಸಸಿಗಳು ಸಿಂಹಳ, ಮಲಯಗಳಿಗೆ ಹಬ್ಬಿ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕೇರಳದಲ್ಲಿ ಬೇರೂರಿದವು. ಕರ್ನಾಟಕದಲ್ಲಿ ರಬ್ಬರು ಮುಖ್ಯವಾಗಿ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಬೆಳೆ. ಸುಳ್ಯ, ಪುತ್ತೂರುಗಳಲ್ಲಿರುವ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ, 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇರೆಗೆ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲಾಯಿತು. ಬೆಳಗಿನ ಜಾವದಲ್ಲಿ ಆ ಕುಟುಂಬಗಳವರು ಮರದ ತೊಗಟೆಯಲ್ಲಿ ಓರೆಯಾಗಿ ಗೀರಿ, ಚಿಪ್ಪಿಗೆ ಇಳಿಸುವ ಬಿಳಿಯ ಹಾಲೇ ಲ್ಯಾಟೆಕ್ಸ್. ಅದರಲ್ಲಿ ಮೂರನೆಯ ಒಂದು ಭಾಗದಷ್ಟು ರಬ್ಬರು, ಉಳಿದುದು ಬಹುಮಟ್ಟಿಗೆ ನೀರು. ಹೆಪ್ಪುಗಟ್ಟದಂತೆ ಅದಕ್ಕೆ ಅಮೋನಿಯಾ ಬೆರೆಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ರಬ್ಬರಿನ ಅಂಶವು ನೂರಕ್ಕೆ 60ರಷ್ಟಾಗುವ ತನಕ ಗಟ್ಟಿಗೊಳಿಸುವರು.

ಈ ಹಾಲನ್ನು ನೊರೆಯಾಗಿಸಿ ಗಾದಿ ಮಾಡುವ ಕ್ರಮವನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಡನ್‌ಲಪ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಇ. ಎ. ಮರ್ಫಿ ಮತ್ತು ಆತನ ಸಹೋದ್ಯೋಗಿಗಳು 1929ರ ಸುಮಾರಿಗೆ ಸಾಧಿಸಿದರು. ಹಾಲಿಗೆ ಗಂಧಕ ಮುಂತಾದ ದ್ರವ್ಯಗಳನ್ನು ಸೇರಿಸಿ, ಮೊಸರು ಕಡೆದಂತೆ ಕಡೆದು ನೊರೆ ಎಬ್ಬಿಸಿ, ಹೆಪ್ಪುಗಟ್ಟಿಸುವ ವಸ್ತುವನ್ನು ಬೆರೆಸಿ ಅಚ್ಚಿಗೆ ಹೊಯ್ದು ಹಬೆಯಲ್ಲಿ ಬೇಯಿಸುವರು. ಅಚ್ಚಿನ ತಳದಿಂದಲೂ ಮುಚ್ಚಳದಿಂದಲೂ ಮೊಳೆಗಳಂಥ ಕಡ್ಡಿಗಳು ಒಳಕ್ಕೆ ಚಾಚಿಕೊಂಡಿರುವುದರಿಂದ ಶಾಖವು ಒಳಗಿನವರೆಗೆ ಸಮನಾಗಿ ತಲಪುತ್ತದೆ. ಲ್ಯಾಟೆಕ್ಸ್ ಹಾಳೆಯಲ್ಲಿ ಕಾಣುವ ಸಾಲುಸಾಲು ರಂಧ್ರಗಳು ಆ ಕಡ್ಡಿಗಳ ಗುರುತು. ಬಳಿಕ ಹಾಳೆಯನ್ನು ನೀರಿನಲ್ಲಿ ಹಲವು ಸಲ ತೊಳೆದು ಒಣಗಿಸುವರು. ಈ ಕ್ರಮದಲ್ಲಿ ಹೊಯ್ದ ನೊರೆಯ ಕೆಳಭಾಗ ಸ್ವಲ್ಪ ಹೆಚ್ಚು ಸಾಂದ್ರವಾಗುವುದರಿಂದ ಡನ್‌ಲಪ್ ಹಾಳೆಯು ಗಟ್ಟಿ. ತಾಲಾಲೆ ಎಂಬವರ ಹೆಸರಿನ ಇನ್ನೊಂದು ಕ್ರಮವುಂಟು. ಅದರಲ್ಲಿ ಅಚ್ಚನ್ನು ಪೂರ್ತಿ ತುಂಬದೆ, ಗಾಳಿಯನ್ನು ಹೊರಗೆಳೆದು ನೊರೆಯನ್ನು ಹಿಗ್ಗಿಸಿ, ಘನೀಭವಿಸುವಂತೆ ಶೈತ್ಯಕ್ಕೊಡ್ಡಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ, ಬಳಿಕ ಬೇಯಿಸುವರು. ಅದು ಹೆಚ್ಚು ಹಗುರ, ಹೆಚ್ಚು ಮೃದು, ಬೆಲೆಯೂ ಹೆಚ್ಚು. ತಳಪದರಕ್ಕೆ ಡನ್‌ಲಪ್ ಹಾಳೆಯೇ ಸಾಕು, ಅದೇ ಮೇಲು.

ತೆಂಗಿನ ನಾರನ್ನು ಸುರುಳಿಸುತ್ತಿ, ಅದರ ಮೇಲೆ ರಬ್ಬರಿನ ಹಾಲನ್ನು ಸಿಂಪಡಿಸಿ, ಒತ್ತಿ ಬೇಯಿಸಿದ ನಾರಿನ ಗಾದಿ ನಮ್ಮ ನಾಡಿಗೆ ಇನ್ನೂ ಹಳೆಯ ಪರಿಚಯದ್ದು. ಕರಾವಳಿಯ ಮಣಿಪಾಲದ ಉದ್ಯಮಿಗಳು 1962ರಲ್ಲಿ ಆರಂಭಿಸಿದ ಕರ್ಲಾನ್ ಸಂಸ್ಥೆಯಿಂದ ಅದು ಮನೆಮಾತಾಯಿತು. ಲ್ಯಾಟೆಕ್ಸ್ ಕೊಳ್ಳುವ ಶಕ್ತಿಯಿಲ್ಲದವರಿಗೂ, ಕೊಳ್ಳುವವರಿಗೆ ತಳಪದರಕ್ಕೂ ಇದು ಒಳ್ಳೆಯ ವಸ್ತು. ಪೆಟ್ರೋಲಿಯಂ ಮೂಲದ ಸಾಮಾನ್ಯ ಫೋಮು ಅಗ್ಗವಾದರೂ, ಕಡಮೆ ಸಾಂದ್ರತೆಯದಾದರೆ ಬೇಗ ಕುಗ್ಗಿ ಗುಳಿ ಬೀಳುತ್ತದೆ, ಸೆಕೆಯನ್ನೂ ಹಿಡಿದಿಡುತ್ತದೆ. ಅಥಣಿಯ ಬೇಸಗೆಗೆ ಅದು ಹೇಳಿ ಮಾಡಿಸಿದ ವಸ್ತುವಲ್ಲ.

ಈಗ ಕಟ್ಟುವ ಬಗೆ. ಮೊದಲು ನೋಡಬೇಕಾದುದು ಮಂಚವನ್ನು. ಹಗ್ಗದ ಹೊರಸು ನಡುವೆ ಜೋಲುವುದರಿಂದ ಲ್ಯಾಟೆಕ್ಸಿಗೆ ಆಗಿಬರುವುದಿಲ್ಲ. ಪೂರ್ತಿ ಮುಚ್ಚಿದ ಪ್ಲೈವುಡ್ ಹಲಗೆಯ ಮೇಲೆ ಗಾಳಿಯಾಡದೆ ಗಾದಿಯ ತಳ ಮುಗ್ಗಲು ಹಿಡಿಯುವ ಸಂಭವವಿದೆ. ಎರಡು ಮೂರು ಅಂಗುಲಕ್ಕಿಂತ ಹೆಚ್ಚು ಸಂದಿಲ್ಲದ ಅಡ್ಡಪಟ್ಟಿಗಳ ಮಂಚ ಉತ್ತಮ. ಹಲಗೆಯೇ ಇದ್ದರೆ ಬಡಿಗನಿಂದ ಅದಕ್ಕೆ ಅಲ್ಲಲ್ಲಿ ರಂಧ್ರ ಹೊಡೆಸಬೇಕು. ನೆಲದ ಮೇಲೆಯೇ ಹಾಸುವವರು ಬೆಳಗಿನಲ್ಲಿ ಗಾದಿಯನ್ನು ಗೋಡೆಗೆ ಒರಗಿಸುವ ಹಳೆಯ ಪದ್ಧತಿಯನ್ನು ಬಿಡಬಾರದು.

ಮಂಚದ ಮೇಲೆ ತಳಪದರವಾಗಿ ಎರಡು ಮೂರು ಅಂಗುಲದ ನಾರಿನ ಹಾಳೆ ಅಥವಾ ಗಟ್ಟಿ ಲ್ಯಾಟೆಕ್ಸ್. ಅದರ ಮೇಲೆ ಎರಡು ಅಂಗುಲದ ಮಧ್ಯಮ ಹದ. ಎಲ್ಲಕ್ಕೂ ಮೇಲೆ ಎರಡು ಅಂಗುಲದ ಮೃದು ಪದರ. ಬೆನ್ನಮೇಲೆ ಮಲಗುವವರಿಗೆ ಮೃದು ಪದರ ತೆಳುವಾಗಿದ್ದರೂ ಸಾಕು. ಮಗ್ಗುಲಾಗಿ ಮಲಗುವವರಿಗೆ ಭುಜವೂ ಸೊಂಟದ ಮೂಳೆಯೂ ಒಳಗಿಳಿಯುವಷ್ಟು ಮೃದುತ್ವ ಬೇಕು, ಇಲ್ಲದಿದ್ದರೆ ಬೆನ್ನೆಲುಬು ಬಿಲ್ಲಿನಂತಾಗುತ್ತದೆ. ಸ್ಥೂಲದೇಹದವರು ಮಧ್ಯದ ಪದರವನ್ನು ಗಟ್ಟಿಯದನ್ನೇ ಆರಿಸಬೇಕು. ಗಂಡಹೆಂಡಿರಿಬ್ಬರ ತೂಕದಲ್ಲಿ ಬಹಳ ಅಂತರವಿದ್ದರೆ ಮೇಲಿನೆರಡು ಪದರಗಳನ್ನು ಉದ್ದಕ್ಕೆ ಎರಡು ತುಂಡಾಗಿ ತಂದು ಅವರವರ ಕಡೆಗೆ ಅವರವರ ಹದವನ್ನು ಇಡಬಹುದು. ಒಂದೇ ಖೋಳಿನಲ್ಲಿ ಇಬ್ಬರ ಗಾದಿ. ಪದರಗಳನ್ನು ಅಂಟಿನಿಂದ ಜೋಡಿಸುವ ಅಗತ್ಯವೇ ಇಲ್ಲ. ಲ್ಯಾಟೆಕ್ಸ್ ಲ್ಯಾಟೆಕ್ಸಿಗೆ ತಾನಾಗಿಯೇ ಕಚ್ಚಿಕೊಂಡು ನಿಲ್ಲುತ್ತದೆ, ಖೋಳು ಬಿಗಿಯಾಗಿದ್ದರೆ ಸರಿದಾಡದು. ಅಂಟಿಸಿದರೆ ಮುಂದೆ ಮೇಲ್ಪದರ ಸವೆದಾಗ ಅದೊಂದನ್ನೇ ಬದಲಾಯಿಸುವ ಉಪಾಯ ತಪ್ಪಿಹೋಗುತ್ತದೆ.

ತೂಕವನ್ನು ಮೊದಲೇ ಲೆಕ್ಕಹಾಕಿಕೊಳ್ಳುವುದು ವಿವೇಕ. ಆರಡಿ ಉದ್ದ, ಐದಡಿ ಅಗಲ, ಆರಂಗುಲ ದಪ್ಪದ ಗಾದಿಯ ಗಾತ್ರ 15 ಘನ ಅಡಿ. ಘನ ಮೀಟರಿಗೆ 80 ಕಿಲೋ ಸಾಂದ್ರತೆಯ ಲ್ಯಾಟೆಕ್ಸಾದರೆ ಅದು 34 ಕಿಲೋ ತೂಗುತ್ತದೆ. ಒಬ್ಬರೇ ಎತ್ತಿ ತಿರುವಲು ಆಗದು. ಬಿಡಿ ಪದರಗಳಾದರೆ ಒಂದೊಂದಾಗಿ ಎತ್ತಬಹುದು. ಎತ್ತುವಾಗ ಅಂಚನ್ನು ಬೆರಳಿನಿಂದ ಹಿಡಿದು ಎಳೆಯಕೂಡದು, ಲ್ಯಾಟೆಕ್ಸ್ ಹರಿಯುತ್ತದೆ. ಚಾದರದಲ್ಲಿ ಸುತ್ತಿ ಹೊರಬೇಕು. ಹಾಳೆಯನ್ನು ಮನೆಯಲ್ಲಿ ಕತ್ತರಿಸುವುದಾದರೆ ಉದ್ದನೆಯ ಹರಿತ ಚಾಕುವನ್ನು ಸಾಬೂನಿನ ನೀರಿನಲ್ಲಿ ಅದ್ದಿ, ಒಂದೇ ದಿಕ್ಕಿಗೆ, ಸ್ವಲ್ಪ ಸ್ವಲ್ಪವಾಗಿ ಆಳಕ್ಕಿಳಿಸಬೇಕು.

ಖೋಳನ್ನು ನಮ್ಮ ಪೇಟೆಯ ಗಾದಿ ಹೊಲಿಯುವವರಿಂದಲೇ ಮಾಡಿಸಬಹುದು. ದಪ್ಪ ಹತ್ತಿ ಬಟ್ಟೆ, ಮೂರು ಕಡೆಗೆ ಸುತ್ತಿ ಬರುವ ಉದ್ದನೆಯ ಜಿಪ್ಪು, ಎತ್ತಲು ನಾಲ್ಕು ಹಿಡಿಕೆ. ಇಷ್ಟಿದ್ದರೆ ಮಹಾನವಮಿಗೆ ಖೋಳನ್ನು ಕಳಚಿ ಒಗೆಯಬಹುದು. ಇದರಲ್ಲಿ ಲೋಭ ಮಾಡಬಾರದು. ಲ್ಯಾಟೆಕ್ಸಿಗೆ ಇಬ್ಬರು ಶತ್ರುಗಳು, ಸೂರ್ಯನ ಬಿಸಿಲು ಮತ್ತು ಎಣ್ಣೆ. ಬಿಸಿಲಿಗೆ ಅದು ಹಳದಿಯಾಗಿ, ಗಡಸಾಗಿ, ಕ್ರಮೇಣ ಪುಡಿಪುಡಿಯಾಗುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಸೋರಿ ತಲಪಿದರೆ ಅಲ್ಲಿ ಉಬ್ಬಿ ಸಡಿಲವಾಗುತ್ತದೆ. ಇಲ್ಲಿಯೇ ಹತ್ತಿಯ ಗಾದಿಗೂ ಇದಕ್ಕೂ ದೊಡ್ಡ ಭೇದ. ಹತ್ತಿಗೆ ಬಿಸಿಲೇ ಔಷಧ. ಲ್ಯಾಟೆಕ್ಸನ್ನು ನೆರಳಿನಲ್ಲಿ, ಗಾಳಿಯಾಡುವೆಡೆ ನಿಲ್ಲಿಸಿಯೇ ಒಣಗಿಸಬೇಕು. ವರ್ಷಕ್ಕೊಮ್ಮೆ ಮಾಳಿಗೆಗೆ ಹೊರುವ ನಮ್ಮ ಅಭ್ಯಾಸದ ಭರದಲ್ಲಿ ಹೊಸ ಗಾದಿಯನ್ನೂ ಬಿಸಿಲಿಗಿಡುವ ಅಪಾಯವಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ರಬ್ಬರಿನ ಹಾಲಿನ ಅಲರ್ಜಿಯುಳ್ಳವರು ಇದರ ಗೊಡವೆಗೆ ಹೋಗದೆ ಹತ್ತಿಯಲ್ಲಿಯೇ ಇರುವುದು ಕ್ಷೇಮ.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಂಬ ನಮ್ಮ ಸೀಮೆಯ ಐದು ತಾಲೂಕುಗಳೂ ಒಂದೇ ಜಿಲ್ಲೆಯವಾದರೂ ಹವೆ ಒಂದೇ ಅಲ್ಲ. ನಿಪ್ಪಾಣಿಯು ಘಟ್ಟಕ್ಕೆ ಹತ್ತಿರ. ಆಷಾಢ ಶ್ರಾವಣಗಳಲ್ಲಿ ಅಲ್ಲಿ ಗೋಡೆಯೇ ತೇವವಾಗಿರುತ್ತದೆ. ಅಲ್ಲಿ ನಾರಿನ ತಳಪದರಕ್ಕೆ ಬೂಷ್ಟು ಬರುವ ಭಯವಿರುವುದರಿಂದ ತಳಕ್ಕೂ ಲ್ಯಾಟೆಕ್ಸನ್ನೇ ಆರಿಸಿ, ಅದರ ಕೆಳಗೊಂದು ಕಂಬಳಿಯನ್ನು ಹಾಸುವುದು ಒಳ್ಳೆಯದು. ಚಿಕ್ಕೋಡಿ, ರಾಯಬಾಗಗಳಿಂದ ಮೂಡಲಕ್ಕೆ ಸರಿದಂತೆ ಮಳೆ ಕಡಮೆ, ಸೆಕೆ ಹೆಚ್ಚು. ಅಥಣಿ, ಕಾಗವಾಡಗಳಲ್ಲಿ ನಾರು ನಿಶ್ಚಿಂತೆಯಿಂದ ಬಾಳುತ್ತದೆ, ಮೇಲ್ಪದರವನ್ನು ತೆಳುವಾಗಿಟ್ಟು ಅದರ ಮೇಲೆ ಕೌದಿಯನ್ನು ಹಾಸಿದರೆ ಬೆವರು ನಿಲ್ಲದು.

ಹೊಳೆದಂಡೆಯ ಊರುಗಳಿಗೆ ಹೇಳಬೇಕಾದುದು ಬೇರೆಯೇ ಇದೆ. 2005ರಲ್ಲಿ, ಪುನಃ 2019ರ ಆಗಸ್ಟಿನಲ್ಲಿ, ಮತ್ತೆ 2021ರಲ್ಲಿ ಕೃಷ್ಣೆಯೂ ಅವಳ ಉಪನದಿಗಳೂ ಉಕ್ಕಿ ಈ ತಾಲೂಕುಗಳ ಮನೆಗಳಿಗೆ ನುಗ್ಗಿದವು. ನೀರು ಕುಡಿದ ಹತ್ತಿಯ ಗಾದಿಯನ್ನು ಇಬ್ಬರು ಗಂಡಸರೂ ಎತ್ತಲಾರರು. ಕೆಸರು ಹೊಕ್ಕ ಹತ್ತಿಯನ್ನು ಹಿಂಜಿಯೂ ಉಳಿಸಲಾಗದು. ನೊರೆಗಾದಿಯೂ ನೀರನ್ನು ಹೀರಿ ವಾರಗಟ್ಟಲೆ ಒಣಗದೆ ನಾರುತ್ತದೆ. ಇಂಥ ಊರುಗಳಲ್ಲಿ ನೆರೆ ಇಳಿದ ಮೇಲೆ ಒಗೆದು ಒಣಗಿಸಿ ಮತ್ತೆ ಬಳಕೆಗೆ ತರಬಹುದಾದುದು ಕೌದಿಯೊಂದೇ. ಆದ್ದರಿಂದ ಹೊಳೆಯ ಮಗ್ಗುಲಿನ ತಗ್ಗಿನ ಮನೆಯವರು ಬೆಲೆಯ ಲ್ಯಾಟೆಕ್ಸಿಗೆ ಹಣ ಸುರಿಯುವ ಬದಲು, ಮಂಚದ ಮೇಲೆ ನಾಲ್ಕಾರು ದಪ್ಪ ಕೌದಿಗಳ ಹಾಸಿಗೆಯನ್ನು ಕಟ್ಟಿಕೊಳ್ಳುವುದು ಲೇಸೆಂದು ನಾನು ನಿಸ್ಸಂದೇಹವಾಗಿ ಹೇಳುವೆನು. ನೀರು ಏರುವ ಸುದ್ದಿ ಬಂದಾಗ ಅವುಗಳನ್ನು ಸುರುಳಿ ಕಟ್ಟಿ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗಲೂ ಬರುತ್ತದೆ.

ಉಳಿದವರಿಗೆ ನನ್ನ ಸಲಹೆ ಮಿಶ್ರಮಾರ್ಗದ್ದು. ಮನೆಯಲ್ಲಿರುವ ಹಳೆಯ ಹತ್ತಿಯ ಗಾದಿಯನ್ನು ಹಿಂಜಿಸಿ, ಈ ಸಲ ಸ್ವಲ್ಪ ಬಿಗಿಯಾಗಿಯೇ ತುಂಬಿಸಿ, ನಿಕಟವಾಗಿ ಟಾಕಾ ಹಾಕಿಸಿ, ಅದನ್ನೇ ತಳಪದರವಾಗಿ ಅಡ್ಡಪಟ್ಟಿಯ ಮಂಚದ ಮೇಲಿಡಿ. ಅದರ ಮೇಲೆ ಖೋಳಿನಲ್ಲಿ ಸೇರಿಸಿದ ಎರಡು ಅಥವಾ ಮೂರು ಅಂಗುಲದ ಒಂದೇ ಲ್ಯಾಟೆಕ್ಸ್ ಹಾಳೆ. ಎಲ್ಲದರ ಮೇಲೆ ಕೌದಿ. ಪೂರ್ಣ ಲ್ಯಾಟೆಕ್ಸ್ ಗಾದಿಯ ಅರ್ಧದಷ್ಟು ಅಥವಾ ಅದಕ್ಕೂ ಕಡಮೆ ಹಾಳೆಯಲ್ಲಿ ಕೆಲಸ ತೀರುತ್ತದೆ, ಭುಜ ಸೊಂಟಗಳಿಗೆ ಬೇಕಾದ ಮೃದುತ್ವವೂ ದೊರೆಯುತ್ತದೆ, ಬೇಸಗೆಯಲ್ಲಿ ಬೇಡವೆನಿಸಿದರೆ ಹಾಳೆಯನ್ನು ತೆಗೆದಿಡಬಹುದು. ಹತ್ತಿಯ ಗಾದಿಯನ್ನು ಮಾತ್ರ ಎಂದಿನಂತೆ ಬಿಸಿಲಿಗೆ ಹೊತ್ತೊಯ್ಯಿರಿ, ಹಾಳೆಯನ್ನು ನೆರಳಿನಲ್ಲಿಡಿರಿ.

ಹೊಸ ಗಾದಿ ಬಂತೆಂದು ಹಳೆಯದನ್ನು ಗುಜರಿಯವನಿಗೆ ಕೊಡುವ ಮೊದಲು ದಯವಿಟ್ಟು ಅದರ ಒಂದು ಮೂಲೆಯನ್ನು ಬಿಚ್ಚಿ ಒಳಗಿನ ಹತ್ತಿಯನ್ನು ಪಿಂಜಾರರ ಅಂಗಡಿಗೆ ಒಯ್ದು ತೋರಿಸಿರಿ. ಎಳೆ ಗಟ್ಟಿಯಿದ್ದರೆ ಹಿಂಜಿಸಿರಿ. ಹಬ್ಬದ ಮುಂಚೆ ಅವರಿಗೆ ಕೆಲಸ ಹೆಚ್ಚು, ಗಣಪತಿ ಹಬ್ಬ ಮುಗಿದ ಕೂಡಲೇ ಹೋದರೆ ಮಹಾನವಮಿಗೆ ನಿಮ್ಮ ಗಾದಿ ಸಿದ್ಧವಾಗಿ ಬರುತ್ತದೆ.